ಕ್ಲಚ್ ಇಲ್ಲದ ಗಾಡಿ

ನಮ್ಮ ಅಪ್ಪನ ಎಡಗಾಲಿನ ಮೊಣಕಾಲು ಮಡಚುತ್ತಿರಲಿಲ್ಲ. ಲಾರಿಯ ಮೇಲಿಂದ ಹತ್ತಿಯ ದೊಡ್ಡ ಮೂಟೆ, ಅಂಡಗಿಯೊಂದು, ಜಾರಿ ಬಿದ್ದು, ಕೆಳಗೆ ನಿಂತು ಹಗ್ಗ ಬಿಗಿಯುತ್ತಿದ್ದ ಅಪ್ಪನ ಕಾಲನ್ನು ಅಡಿಗೆ ಹಾಕಿಕೊಂಡಿತ್ತು. ಹುಬ್ಬಳ್ಳಿಯ ದವಾಖಾನೆಯಿಂದ ಮನೆಗೆ ಬಂದಾಗ ಕಾಲು ಉಳಿದಿತ್ತು, ಮೊಣಕಾಲು ಮಾತ್ರ ಅಗಳಿ ಹಾಕಿದ ಬಾಗಿಲಿನ ಹಾಗೆ ನೆಟ್ಟಗೆ ನಿಂತುಬಿಟ್ಟಿತ್ತು. ನಡೆಯುವುದಕ್ಕೆ ಅಡ್ಡಿಯಿರಲಿಲ್ಲ. ಕುಂಟುತ್ತಲೇ ಹಾನಗಲ್ಲಿನ ಬಜಾರೆಲ್ಲ ತಿರುಗಿ ಬರುತ್ತಿದ್ದ. ಆದರೆ ಕ್ಲಚ್ ಒತ್ತುವುದು ಎಡಗಾಲು. ಕ್ಲಚ್ ಒತ್ತಲಾರದವನ ಕೈಗೆ ಲಾರಿ ಯಾರು ಕೊಡುತ್ತಾರೆ? ಲಾರಿ ಇರಲಿ, ಟ್ರ್ಯಾಕ್ಟರೂ ಇಲ್ಲ.

ಒಂದು ವರ್ಷ ಮನೆಯಲ್ಲೇ ಕುಳಿತ. ಓಣಿಯಲ್ಲಿ ಲಾರಿಯ ಸಪ್ಪಳ ಕೇಳಿದರೆ ಸಾಕು, "ಮೂರನೇ ಗೇರಿಗೆ ಹಾಕಬೇಕಿತ್ತು, ಎಂಜಿನ್ ಅಳಾಕತ್ತೈತಿ" ಅಂತ ತನ್ನಷ್ಟಕ್ಕೆ ಅನ್ನುತ್ತಿದ್ದ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅವನ ಕಡೆ ನೋಡಿ, ಮತ್ತೆ ಬಡಿಯುತ್ತಿದ್ದಳು.

ಆ ಹೊತ್ತಿಗೆ ನಮ್ಮೂರಿನ ಸಾವಕಾರ್ರು ಒಂದು ಗಾಡಿ ತಂದರು. ಅಕ್ಕಿ ಗಿರಣಿ, ಹತ್ತಿ ವ್ಯಾಪಾರ, ದೊಡ್ಡ ಗೋದಾಮು ಇದ್ದ ಕುಳ. ಮುಂಬಯಿಯಲ್ಲಿ ಯಾವುದೋ ಪರದೇಶದವರ ಕಚೇರಿಯಲ್ಲಿ ಓಡಿ ಓಡಿ ಹಳತಾಗಿ ಹರಾಜಿಗೆ ಬಂದಿದ್ದ ಕಾರು ಅದು. ಕಪ್ಪು ಬಣ್ಣ, ಎಮ್ಮೆಯಂಥ ಮೈ. ತಂದ ಮೇಲೆ ಗೊತ್ತಾಯಿತು, ಅದಕ್ಕೆ ಕ್ಲಚ್ಚೇ ಇಲ್ಲ. ಗೇರು ತನ್ನಷ್ಟಕ್ಕೆ ತಾನೇ ಬದಲಾಗುತ್ತದೆ. ಕಾಲ ಕೆಳಗೆ ಎರಡೇ ಪೆಡಲು, ಎರಡೂ ಬಲಗಾಲಿನವು. ಊರಿನ ಡ್ರೈವರುಗಳು ಒಬ್ಬೊಬ್ಬರಾಗಿ ಬಂದು ಕುಳಿತು, ಇಲ್ಲದ ಕ್ಲಚ್ಚನ್ನು ಎಡಗಾಲಿನಿಂದ ಹುಡುಕಿ, ಬ್ರೇಕ್ ತುಳಿದು, ಸಾವಕಾರ್ರ ಹಣೆಯನ್ನು ಮುಂದಿನ ಸೀಟಿಗೆ ಬಡಿಸಿ ಇಳಿದು ಹೋದರು. ಅಪ್ಪ ಹೋಗಿ ಕುಳಿತ. ನೆಟ್ಟಗಿನ ಕಾಲನ್ನು ಪೆಡಲುಗಳ ಎಡಕ್ಕೆ ಚಾಚಿಟ್ಟುಕೊಂಡು ಗಿರಣಿಯ ಸುತ್ತ ಒಂದು ಸುತ್ತು ಹಾಕಿಕೊಂಡು ಬಂದ. ಇಳಿದು, "ಇದರಾಗ ಎಡಗಾಲಿಗೆ ಸೂಟಿ ಐತ್ರಿ" ಅಂದನಂತೆ. ಅವತ್ತಿನಿಂದ ಅವನೇ ಡ್ರೈವರ್.

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ತಾಲೂಕಿನಲ್ಲಿ ಅಪ್ಪ ಓಡಿಸಬಹುದಾದ ಗಾಡಿ ಅದೊಂದೇ ಇತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಮಾತೆಲ್ಲ ಇದರ ಮೇಲೆಯೇ ನಿಂತಿದೆ.

ನನ್ನ ಬಗ್ಗೆಯೂ ಎರಡು ಮಾತು ಹೇಳಬೇಕು. ನಮ್ಮ ಮನೆತನದಲ್ಲಿ ಸಹಿ ಮಾಡುವುದನ್ನು ಮೊದಲು ಕಲಿತವನು ಅಪ್ಪ. ಡಿಗ್ರಿ ತೆಗೆದುಕೊಂಡವಳು ನಾನೇ ಮೊದಲು. ಬಿ.ಎಸ್ಸಿ., ಆಮೇಲೆ ಬಿ.ಎಡ್. ಅದನ್ನು ಹೇಳಿಕೊಳ್ಳಲು ನನಗೆ ಆಗಲೂ ಸಂಕೋಚ ಇರಲಿಲ್ಲ, ಈಗಲೂ ಇಲ್ಲ. ಸೀಮೆಎಣ್ಣೆ ದೀಪದಲ್ಲಿ ಓದಿದ್ದು, ಒಂದೇ ಸೀರೆಯನ್ನು ಒಗೆದು ಒಣಗಿಸಿ ಉಟ್ಟು ಕಾಲೇಜಿಗೆ ಹೋದದ್ದು ಇವೆಲ್ಲ ಎಲ್ಲರ ಕಥೆಯಲ್ಲೂ ಇರುತ್ತವೆ, ಬಿಡಿ. ನನಗೆ ಹೆಚ್ಚು ಕಠಿಣವಾದದ್ದು ಕಾಲೇಜಿನ ಲ್ಯಾಬಿನಲ್ಲಿ ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲದೇ ಇರುವುದು. ಸಾಮಾನು ಮುಟ್ಟುವುದು. ಮುಟ್ಟಿದರೆ ಯಾರು ಏನು ಅಂದಾರು ಅಂತ ನಮ್ಮ ಓಣಿಯವರ ಕೈಗೆ ಹುಟ್ಟಿನಿಂದಲೇ ಒಂದು ಅಂಜಿಕೆ ಅಂಟಿರುತ್ತದೆ. ಅದನ್ನು ಬಿಡಿಸಿಕೊಳ್ಳಲು ನನಗೆ ಎರಡು ವರ್ಷ ಹಿಡಿಯಿತು.

ಸಾವಕಾರ್ರ ಮನೆಯಲ್ಲೂ ಅಪ್ಪನ ಚಹಾದ ಬಟ್ಟಲು ಬೇರೆಯೇ ಇತ್ತು, ಹಿತ್ತಲ ಕಟ್ಟೆಯ ಮೇಲೆ. ಗಾಡಿಯಲ್ಲಿ ಮಾತ್ರ ಅಪ್ಪ ಮುಂದೆ, ಸಾವಕಾರ್ರು ಹಿಂದೆ. "ಎಡಕ್ಕ ಹೋಗು" ಅಂತ ಅವರು ಅಂದರೆ, "ಎಡಕ್ಕ ಕೆಸರೈತ್ರಿ, ಬಲಕ್ಕ ಹೋಗೂಣು" ಅಂತ ಅಪ್ಪ ಅನ್ನಬಹುದಾದ ಜಾಗ ಅದೊಂದೇ. ಅವರು ಕೇಳಲೂ ಬೇಕಾಗುತ್ತಿತ್ತು.

ಎಂಬತ್ತರ ದಶಕದ ಆರಂಭ. ನಾನು ಶಿಗ್ಗಾಂವಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಅಲ್ಲೇ ಒಂದು ಖೋಲಿ ಹಿಡಿದುಕೊಂಡಿದ್ದೆ, ಶನಿವಾರ ಮುಂಜಾನೆಯ ಸಾಲಿ ಮುಗಿದ ಮೇಲೆ ಬಸ್ಸು ಹತ್ತಿ ಹಾನಗಲ್ಲಿಗೆ ಬರುತ್ತಿದ್ದೆ. ಬೇಸಿಗೆಯ ಒಂದು ಶನಿವಾರ ಬಂದಾಗ ಅಪ್ಪ ಮನೆಯಲ್ಲಿದ್ದ. ಅದೇ ಒಂದು ವಿಚಿತ್ರ. ಶನಿವಾರ ಅಪ್ಪ ಮನೆಯಲ್ಲಿ ಇರುವವನಲ್ಲ.

"ಯಾಕವ್ವಾ, ಅಪ್ಪ ಕುಂತಾನ?" ಅಂದೆ.

"ಅವನ್ನ ಕೇಳು," ಅಂದಳು ಅವ್ವ. "ಎರಡ ದಿನ ಆತು, ಬಾಯಾಗ ನೀರ ಹಿಡಕೊಂಡಂಗ ಕುಂತಾನ."

ಸುದ್ದಿ ಹೀಗಿತ್ತು. ಹಿಂದಿನ ತಿಂಗಳು ಯಾವುದೋ ವೆಲ್ಡಿಂಗ್ ಅಂಗಡಿಯಲ್ಲಿ ಗಾಡಿಯ ಸೈಲೆನ್ಸರಿಗೆ ತೇಪೆ ಹಾಕಿಸಿದ್ದರು. ಆಗಿನಿಂದ ಗೇರು ದಿಕ್ಕು ತಪ್ಪಿತ್ತು. ಆ ಗಾಡಿಗೆ ಸ್ಟೇರಿಂಗಿನ ಪಕ್ಕದಲ್ಲಿ ಒಂದು ಗೇರ್ ರಾಡು, ಅದರ ಮೇಲೆ ಸಾಲಾಗಿ ಐದು ಇಂಗ್ಲಿಷ್ ಅಕ್ಷರ: ಪಿ, ಆರ್, ಎನ್, ಡಿ, ಎಲ್. ಅಪ್ಪ ಇಂಗ್ಲಿಷ್ ಓದುತ್ತಿರಲಿಲ್ಲ, ತನ್ನದೇ ಹೆಸರು ಇಟ್ಟುಕೊಂಡಿದ್ದ. ಗಾಡಿ ಅಲುಗದಂತೆ ಚಕ್ರ ಹಿಡಿದು ಕೂರಿಸುವ ಪಿ ಅಂದರೆ 'ಕೂಡೂದು', ಆರ್ 'ಹಿಂದ', ಎನ್ 'ಖಾಲಿ', ಡಿ 'ಓಟ', ಎಲ್ 'ಏರು'. ಈಗ ರಾಡು ಒಂದು ಅಕ್ಷರದ ಮೇಲೆ ಇದ್ದರೆ ಒಳಗಿನ ಗೇರು ಎರಡು ಅಕ್ಷರಗಳ ನಡುವೆ ಎಲ್ಲೋ ತೂಗಾಡುತ್ತಿತ್ತು. ಅಪ್ಪ ರಾಡನ್ನು ಬೆರಳಿನಿಂದ ಸ್ವಲ್ಪ ಎತ್ತಿ ಹಿಡಿದು ಹೇಗೋ ನಡೆಸಿಕೊಂಡು ಬಂದಿದ್ದ.

ಹಿರೇಕೆರೂರ ಸಂತೆಯ ದಿನ ಅದು ನಡೆಯಲಿಲ್ಲ. ಗೋವಿನಜೋಳದ ವ್ಯಾಪಾರಿಯ ಹತ್ತಿರ ಮಾತಾಡಿ ಬರಲು ಸಾವಕಾರ್ರು ಅಪ್ಪನನ್ನೇ ಕಳಿಸಿ, ತಾವು ಹಿಂದಿನ ಸೀಟಿನಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದರು. ಗಾಡಿ ಇಳಿಜಾರಿನಲ್ಲಿತ್ತು, ರಾಡು 'ಕೂಡೂದು' ಅನ್ನುವ ಕಡೆಗೇ ಇತ್ತು, ಹ್ಯಾಂಡ್ ಬ್ರೇಕು ಮೊದಲೇ ಹೆಸರಿಗಷ್ಟೇ. ಗಾಡಿ ಕೂಡಲಿಲ್ಲ. ಸದ್ದಿಲ್ಲದೆ ಹಿಂದಕ್ಕೆ ಹೊರಟಿತು. ಸಾವಕಾರ್ರು ಸುಣ್ಣ ಹಚ್ಚಿದ ಎಲೆ ಕೈಯಲ್ಲಿ ಹಿಡಿದುಕೊಂಡೇ ಸಂತೆಯ ನಡುವೆ ಹಿಂದುಮುಂದಾಗಿ ಮೆರವಣಿಗೆ ಹೋದರು. ಜನ ಎದ್ದು ದಾರಿ ಬಿಟ್ಟರು. ಗಾಡಿ ಕಸಬರಿಗೆಗಳ ರಾಶಿಗೆ ಒರಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಕಸಬರಿಗೆ ಮಾರುವಾಕೆ ಕಿಟಕಿಯೊಳಗೆ ಬಗ್ಗಿ, "ಸಾವಕಾರ್ರ, ಇಳದು ಬಂದು ತಗೊಂಡಿದ್ರ ನಾ ಏನ ಹೆಚ್ಚಿಗೆ ಹೇಳತಿದ್ನೇನ್ರಿ?" ಅಂದಳಂತೆ. ಸಂತೆಯೆಲ್ಲ ನಕ್ಕಿತು.

ಸಾವಕಾರ್ರಿಗೆ ಗಾಡಿ ಹಿಂದೆ ಉರುಳಿದ್ದು ಅಷ್ಟು ನಾಟಲಿಲ್ಲ, ಆ ನಗು ನಾಟಿತು. ಆದರೂ ಅವರು ಬೈಯುವ ಮನುಷ್ಯ ಅಲ್ಲ. ಮನೆಗೆ ಬಂದ ಮೇಲೆ ಅಪ್ಪನನ್ನು ಕರೆದು ಹೇಳಿದರು: "ನಿಂಗೇನೂ ಅನ್ನಂಗಿಲ್ಲಪಾ ನಾ. ಗಾಡಿಗೆ ವಯಸ್ಸಾತು. ಹುಬ್ಬಳ್ಳಿಯವ ಒಬ್ಬ ಬುಧವಾರ ಬಂದು ನೋಡತೇನಿ ಅಂದಾನ. ಕೊಟ್ಟು ಹೊಸದು ತರೂಣು."

"ಹೊಸದಕ್ಕ ಕ್ಲಚ್ ಇರತೈತ್ರಿ," ಅಂದ ಅಪ್ಪ.

"ಇರತೈತಿ. ನೀ ಗೋದಾಮಿನ ಬಾಗಲಾ ಕಾಕೊಂಡು ಕುಂದ್ರು. ಪಗಾರ ಇದ್ದಷ್ಟ ಕೊಡ್ತೇನಿ. ಬಿಸಲಿಲ್ಲ, ಮಳಿಯಿಲ್ಲ."

ಇದನ್ನು ನನಗೆ ಹೇಳುವಾಗ ಅಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ. ಪಗಾರ ಕಡಿಮೆಯಾಗಿದ್ದರೆ ಜಗಳ ತೆಗೆಯಬಹುದಿತ್ತು. ಇದಕ್ಕೆ ಏನಂತ ಜಗಳ ತೆಗೆಯುವುದು? "ಕುರ್ಚಿ ಸೈತ ಕೊಡ್ತಾರಂತ," ಅಂದ.

ಊರಿನ ಟ್ರ್ಯಾಕ್ಟರ್ ಮೇಸ್ತ್ರಿಗೆ ತೋರಿಸಿದ್ದನಂತೆ. ಅವನು ಕೆಳಗೆ ಬಗ್ಗಿ ನೋಡಿ, "ಗೇರ್ ಬಾಕ್ಸ್ ಹೋಗೈತಿ, ಇಳಸಬೇಕು. ಇಂಥಾ ಬಾಕ್ಸ್ ನಾ ಬಿಚ್ಚಿಲ್ಲ, ಬಿಚ್ಚಿದ್ರ ಮತ್ತ ಜೋಡಸೂದು ದೇವರಿಗೆ ಗೊತ್ತು" ಅಂದಿದ್ದ. ಸುಳ್ಳು ಹೇಳಲಿಲ್ಲ ಅವನು. ಅಂಥ ಗಾಡಿಗಳಲ್ಲಿ ಅವನೂ ಕಂಡದ್ದು ಅದೊಂದನ್ನೇ.

"ನಿಂಗ ಏನ ಅನಸ್ತೈತಿ?" ಅಂತ ಅಪ್ಪನನ್ನು ಕೇಳಿದೆ.

"ಬಾಕ್ಸ್ ಛಲೋ ಐತಿ ತಂಗಿ. ರಾಡ್ ಸರಿ ಹಿಡದ್ರ ಬೆಣ್ಣಿಯಂಗ ಹೋಗತೈತಿ. ಒಳಗಿಂದು ಖರೇ ಹೇಳತೈತಿ, ಹೊರಗಿನ ಅಕ್ಷರ ಸುಳ್ಳ ಹೇಳಾಕತ್ತಾವ."

ಆಗ ನನಗೆ ಹೊಳೆಯಿತು. ರಾಡಿಗೂ ಗೇರ್ ಬಾಕ್ಸಿಗೂ ನಡುವೆ ಏನಿದೆ ಅಂತ ಕೇಳಿದೆ. ಸೈಕಲ್ ಬ್ರೇಕಿನ ಕೇಬಲ್ಲಿನಂಥದ್ದೇ, ಅದಕ್ಕಿಂತ ದಪ್ಪನೆಯದು ಅಂದ. ರಾಡು ಆಡಿಸಿದರೆ ಕೇಬಲ್ಲು ಎಳೆಯುತ್ತದೆ, ಕೇಬಲ್ಲು ಬಾಕ್ಸಿನ ಮಗ್ಗುಲಲ್ಲಿರುವ ಒಂದು ಗೇಣುದ್ದದ ಲಿವರನ್ನು ತಿರುಗಿಸುತ್ತದೆ. ಕೇಬಲ್ಲಿನ ತುದಿಯನ್ನು ಲಿವರಿಗೆ ಹಿಡಿದಿಟ್ಟಿರುವುದು ಒಂದು ನಟ್ಟು. ವೆಲ್ಡಿಂಗ್ ಮಾಡುವಾಗ ಕೇಬಲ್ಲನ್ನು ಬೆಂಕಿಯಿಂದ ಸರಿಸಲು ಆ ನಟ್ಟು ಸಡಿಲು ಮಾಡಿ, ಕಣ್ಣಂದಾಜಿನಲ್ಲಿ ಮತ್ತೆ ಬಿಗಿದಿರಬೇಕು. ಹಾಗಾದರೆ ಕೆಲಸ ಇಷ್ಟೇ: ಮೇಲೆ ರಾಡು ಯಾವ ಅಕ್ಷರದ ಮೇಲಿದೆಯೋ ಕೆಳಗೆ ಲಿವರೂ ಅದೇ ಜಾಗದಲ್ಲಿರಬೇಕು. ಎರಡನ್ನೂ ಒಂದೇ ಕಡೆ ಇಟ್ಟು ನಟ್ಟು ಬಿಗಿದರೆ ಆಯಿತು.

"ಅಷ್ಟನಾ?" ಅಂದಳು ಅವ್ವ.

"ಅಷ್ಟ," ಅಂದೆ.

ನನ್ನ ಡಿಗ್ರಿಯಲ್ಲಿ ಕಾರು ಇರಲಿಲ್ಲ ಅನ್ನುವುದನ್ನೂ ಹೇಳಬೇಕು. ಎಂಜಿನ್ನು ಅಂದರೆ ನಾನು ಪರೀಕ್ಷೆಯಲ್ಲಿ ಪೆನ್ಸಿಲಿನಿಂದ ಬರೆದ ಒಂದು ಚಿತ್ರ. ಆದರೂ ನನಗೆ ಧೈರ್ಯ ಇತ್ತು. ಹೇಳಿದೆನಲ್ಲ, ಸಾಮಾನು ಮುಟ್ಟುವುದನ್ನು ಕಷ್ಟಪಟ್ಟು ಕಲಿತವಳು ನಾನು.

ಭಾನುವಾರ ಮುಂಜಾನೆ ಸಾವಕಾರ್ರ ಅಪ್ಪಣೆ ಪಡೆದು ಗೋದಾಮಿನ ಮುಂದೆ ಗಾಡಿ ಹಚ್ಚಿದೆವು. ಅಲ್ಲಿ ನೀರು ಹರಿದುಹೋಗಲು ತೋಡಿದ ಒಂದು ಕಾಲುವೆ ಇತ್ತು, ಬೇಸಿಗೆಯಲ್ಲಿ ಒಣಗಿ ಬರೀ ಭತ್ತದ ಹೊಟ್ಟು ತುಂಬಿಕೊಂಡಿರುತ್ತಿತ್ತು. ಆಚೆ ಈಚೆ ಎರಡೆರಡು ಚಕ್ರ ಬರುವಂತೆ ಅಪ್ಪ ಗಾಡಿಯನ್ನು ನಿಲ್ಲಿಸಿದ. ನಾಲ್ಕೂ ಚಕ್ರಗಳಿಗೆ ಹಿಂದೆ ಮುಂದೆ ದಪ್ಪ ಕಲ್ಲು ಕೊಟ್ಟ. ಆಮೇಲೆ ಕಾಲುವೆಯಲ್ಲಿ ಗೋಣಿಚೀಲ ಹಾಸಿ, ನಟ್ಟು ಬಿಗಿಯುವ ಪಾನಾ ಹಿಡಿದುಕೊಂಡು ಅಂಗಾತ ಮಲಗಿ ಒಳಗೆ ಸರಿದ. ಮಲಗುವ ಕೆಲಸಕ್ಕೆ ನೆಟ್ಟಗಿನ ಕಾಲು ಅಡ್ಡ ಬರುವುದಿಲ್ಲ. ಏಳುವುದೇ ಕಷ್ಟ.

ನಾನು ಡ್ರೈವರ್ ಸೀಟಿನಲ್ಲಿ. ಅವ್ವ ನಮ್ಮಿಬ್ಬರ ನಡುವೆ, ತೆರೆದ ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ. ಯಾಕೆಂದರೆ ಕೆಳಗಿನಿಂದ ಅಪ್ಪ ಹೇಳಿದ್ದು ನನಗೆ ಕೇಳುತ್ತಿರಲಿಲ್ಲ, ನಾನು ಹೇಳಿದ್ದು ಅಪ್ಪನಿಗೆ ಕೇಳುತ್ತಿರಲಿಲ್ಲ. ಗಿರಣಿಯ ಪಟ್ಟೆಯ ಸಪ್ಪಳ ಅಂಥದ್ದು. ಅವ್ವನ ದನಿ ಮಾತ್ರ ಯಾವ ಗಿರಣಿಗೂ ಬಗ್ಗುವಂಥದ್ದಲ್ಲ.

ಗೋದಾಮಿನ ಹಮಾಲರು ಕಟ್ಟೆಯ ಮೇಲೆ ಸಾಲಾಗಿ ಕುಳಿತು ಬೀಡಿ ಹಚ್ಚಿದರು.

"ಅಕ್ಕಾರ, ಹುಬ್ಬಳ್ಳಿಗೆ ಒಂದ ತಿಕೀಟ ಕೊಡ್ರಿ!" ಅಂದ ಒಬ್ಬ.

"ನಿಂತು ಹೋಗಬೇಕು ನೋಡಪಾ, ಸೀಟಿಲ್ಲ," ಅಂದೆ.

ನಮ್ಮ ಓಣಿಯ ಅಜ್ಜಿಯೊಬ್ಬಳು ನೀರಿನ ಕೊಡ ಇಳಿಸಿ ಅವ್ವನಿಗೆ ಅಂದಳು: "ಅಲ್ಲಬೇ, ಇಷ್ಟ ಸಾಲಿ ಕಲಿಸಿದ್ದು ಸ್ಟೇರಿಂಗ್ ಹಿಡಿಯಾಕೇನು?"

"ಹೂಂ, ನಿನ್ನ ಕೊಡಾ ಹೊರಾಕ ಕಲಿಸಿಲ್ಲಲಾ," ಅಂದಳು ಅವ್ವ, ತಿರುಗಿ ನೋಡದೆ.

ಮೊದಲು 'ಕೂಡೂದ'ರಲ್ಲಿ ಇಟ್ಟು ಬಿಗಿಯೋಣ ಅಂದುಕೊಂಡೆವು. ಅದು ಸಾಲಿನ ಒಂದು ತುದಿ, ಲಿವರನ್ನು ತುದಿಗೆ ತಳ್ಳಿದರೆ ಸಾಕು, ತಪ್ಪುವ ಮಾತೇ ಇಲ್ಲ. ಆದರೆ ಅಲ್ಲಿ ಲಿವರು ಒಂದು ಕಬ್ಬಿಣದ ಪಟ್ಟಿಯ ಹಿಂದೆ ಹೋಗಿ ಸೇರಿಕೊಳ್ಳುತ್ತಿತ್ತು, ನಟ್ಟಿಗೆ ಪಾನಾ ತಾಗುತ್ತಿರಲಿಲ್ಲ. 'ಖಾಲಿ'ಗೆ ತಂದರೆ ಮಾತ್ರ ನಟ್ಟು ಎದುರಿಗೆ ಬರುತ್ತಿತ್ತು. ಖಾಲಿ ನಟ್ಟ ನಡುವಿನದು. ಐದರಲ್ಲಿ ಮೂರನೆಯದು, ಯಾವ ತುದಿಯಿಂದ ಎಣಿಸಿದರೂ ಮೂರನೆಯದು. ನನಗೆ ಖುಷಿಯಾಯಿತು. ತಪ್ಪಲು ದಾರಿಯೇ ಇಲ್ಲ ಅಂದುಕೊಂಡೆ.

"ಅವ್ವಾ, ಅಪ್ಪಗ ಹೇಳು. ಲಿವರ್ ಹಿಂದಿನ ತುದಿಗೆ, ಕೂಡೂದಕ್ಕ ತಳ್ಳಿ, ಅಲ್ಲಿಂದ ಒಂದೊಂದ ಮನಿ ಮುಂದ ತರಲಿ. ಮೂರನೇದಕ್ಕ ನಿಲ್ಲಸಲಿ."

ಕೆಳಗೆ ಅಕ್ಷರಗಳಿರುವುದಿಲ್ಲ. ಲಿವರು ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವಾಗ ಟಿಕ್ ಅಂತ ಒಂದು ಸಪ್ಪಳ ಬರುತ್ತದೆ, ಅಷ್ಟೇ. ಅಪ್ಪನ ಎರಡೂ ಕೈ ಕೆಲಸದಲ್ಲಿದ್ದವು, ಕಣ್ಣಿಗೆ ಮಣ್ಣು ಉದುರುತ್ತಿತ್ತು. "ನೀ ಎಣಸ, ನಾ ತಳ್ಳತೇನಿ" ಅಂತ ಅವ್ವನಿಗೆ ಅಂದ. ಅವ್ವ ಗಾಡಿಯ ಕಡೆಗೆ ಕಿವಿ ಹಚ್ಚಿ ಕುಳಿತಳು.

ಟಿಕ್.

"ಲಾಭ," ಅಂದಳು ಅವ್ವ.

ನಮ್ಮ ಕಡೆ ಕಣದಲ್ಲಿ ಕಾಳು ಅಳೆಯುವಾಗ ಒಂದು ಅನ್ನುವುದಿಲ್ಲ. ಮೊದಲ ಅಳತೆಗೆ ಲಾಭ, ಆಮೇಲೆ ಎರಡು, ಮೂರು. ಅವ್ವ ಸಣ್ಣವಳಿದ್ದಾಗಿನಿಂದ ಕಂಡವರ ಕಣದಲ್ಲಿ ಕಾಳು ಅಳೆದವಳು. ಎಣಿಕೆ ಅಂದರೆ ಅವಳಿಗೆ ಅದೇ. ಕೋಳಿಮರಿಗಳನ್ನೂ ಹಾಗೆಯೇ ಎಣಿಸುತ್ತಿದ್ದಳು.

ಟಿಕ್. "ಎರಡು."

ಟಿಕ್. "ಮೂರು. ಸಾಕ ನಿಲ್ಲಸ್ರಿ! ಮೂರಾತು!"

ನಾನು ಮೇಲೆ ರಾಡನ್ನು ಎನ್ ಅಕ್ಷರದ ಮೇಲೆ ತಂದು ಎರಡೂ ಕೈಯಿಂದ ಹಿಡಿದುಕೊಂಡೆ. ಅಪ್ಪ ನಟ್ಟು ಬಿಗಿದ. ಗೋಣಿಚೀಲದ ಮೇಲೆ ತೆವಳುತ್ತ ಹೊರಗೆ ಬಂದು ಬಂಪರು ಹಿಡಿದು ಎದ್ದು ನಿಂತ, ಮೈತುಂಬ ಹೊಟ್ಟು. "ತಂಗಿ, ರಾಡ್ ಕೂಡೂದಕ್ಕ ಹಾಕು. ಬ್ರೇಕ್ ಮ್ಯಾಲೆ ಕಾಲ ಇಟಗೊಂಡ ಕೀಲಿ ತಿರುವು. ನಾ ಹೊರಗ ನಿಂತು ಸಪ್ಪಳ ಕೇಳತೇನಿ."

ತಿರುವಿದೆ. ಎಂಜಿನ್ನು ಒಂದೇ ಸಲಕ್ಕೆ ಎದ್ದಿತು. ಹಮಾಲರು "ಭಲೇ" ಅಂದರು. ಗಾಡಿ ಹೇಗೂ ಕೂತಿದೆಯಲ್ಲ ಅಂತ ನಾನು ಬ್ರೇಕಿನ ಮೇಲಿನ ಕಾಲು ತೆಗೆದೆ.

ಗಾಡಿ ಹಿಂದಕ್ಕೆ ಹೊರಟಿತು. ಹಿಂದಿನ ಚಕ್ರಗಳು ಕಲ್ಲಿಗೆ ಒತ್ತಿಕೊಂಡು, ಅರ್ಧ ಏರಿ, ಬಾಗಿಲು ಪಟಪಟ ಬಡಿದು, ಇಡೀ ಮೈ ಗಡಗಡ ನಡುಗತೊಡಗಿತು. ಕಲ್ಲು ದಾಟಲಿಲ್ಲ. "ಬಂದ್ ಮಾಡು! ಬಂದ್ ಮಾಡು!" ಅಂತ ಅಪ್ಪ ಕೂಗಿದ. ಕೀಲಿ ತಿರುವಿದೆ. ಗಾಡಿ ಕಲ್ಲಿನಿಂದ ಇಳಿದು ಸುಮ್ಮನಾಯಿತು.

"ಅಕ್ಕಾರ, ನಂದು ತಿಕೀಟ ವಾಪಸ್ ತಗೋರಿ," ಅಂದ ಆ ಹಮಾಲ, ದೂರದಿಂದ. ಕಟ್ಟೆ ಬಿಟ್ಟು ಎದ್ದು ಓಡಿಹೋಗಿದ್ದ.

ಅಪ್ಪ ಕಟ್ಟೆಯ ಮೇಲೆ ಕುಳಿತುಬಿಟ್ಟ. "ಬಾಕ್ಸ ಹೋಗೈತಿ. ಮೇಸ್ತ್ರಿ ಖರೇ ಹೇಳಿದ್ದ," ಅಂದ. ಅವನ ಮುಖ ನೋಡಿದೆ. ಎರಡು ದಿನ ಬಾಯಿ ಮುಚ್ಚಿಕೊಂಡು ಕುಳಿತಿದ್ದು ಇದಕ್ಕೇ ಅಂತ ಆಗ ತಿಳಿಯಿತು. ಬಾಕ್ಸ್ ಛಲೋ ಐತಿ ಅನ್ನುವ ಒಂದೇ ನಂಬಿಕೆ ಹಿಡಿದುಕೊಂಡಿದ್ದ. ಅದೂ ಹೋದರೆ ಉಳಿಯುವುದು ಕುರ್ಚಿ.

"ಹೋಗಿಲ್ಲಪಾ," ಅಂದೆ. "ಹೋಗಿದ್ರ ಹಿಂಗ ಎಳೀತಿರಲಿಲ್ಲ. ಹೆಂಗ ಒದಿಯಾಕತ್ತಿತ್ತು ನೋಡಿದಿಲ್ಲೋ? ರಾಡ್ ಕೂಡೂದರಾಗ ಇತ್ತು, ಗಾಡಿ ಹಿಂದ ಹೋತು. ಮ್ಯಾಲೆ ಕೂಡೂದು, ಕೆಳಗ ಹಿಂದ. ಸರೀ ಒಂದ ಮನಿ ತಪ್ಪೈತಿ. ಅರ್ಧ ಅಲ್ಲ, ಮುಕ್ಕಾಲ ಅಲ್ಲ, ಸರೀ ಒಂದು."

"ಮತ್ತ ಎಣಿಕಿ ತಪ್ಪೇತೇನು?" ಅಂದ ಅಪ್ಪ, ಅವ್ವನ ಕಡೆ ತಿರುಗಿ.

ಅವ್ವ ಎದ್ದು ನಿಂತಳು. "ನನ್ನ ಎಣಿಕಿ? ಊರ ಮಂದಿ ಕಣದಾಗ ಎಣಿಸೇನಿ ನಾ. ಒಂದ ಸೇರ ಹೆಚ್ಚ ಕಡಿಮಿ ಆಗಿದ್ದಿಲ್ಲ. ಮೂರ ಅಂದ್ರಿ, ಮೂರ ಎಣಿಸೇನಿ. ಮೂರ ಸಪ್ಪಳ ಬಂದಾವೋ ಇಲ್ಲೋ, ನೀವ ಹೇಳ್ರಿ."

ಬಂದಿದ್ದವು. ಅವ್ವನದು ತಪ್ಪಿರಲಿಲ್ಲ. ನನ್ನದೂ ತಪ್ಪಿರಲಿಲ್ಲ, ಎನ್ ಮೂರನೆಯದೇ. ಇಬ್ಬರದೂ ಸರಿ ಇದ್ದು ಗಾಡಿ ತಪ್ಪಿದ್ದು ಹೇಗೆ ಅಂತ ಮೂವರೂ ಕುಳಿತೆವು. ಗಿರಣಿಯವರು ಊಟಕ್ಕೆ ಪಟ್ಟೆ ಬಿಚ್ಚಿದರು, ಒಮ್ಮೆಲೇ ಎಲ್ಲ ಕಡೆ ನಿಶ್ಶಬ್ದ. ಅಪ್ಪ ನೆಲದ ಮೇಲೆ ಹೊಟ್ಟು ಸರಿಸಿ, ಐದು ಹರಳು ಸಾಲಾಗಿ ಇಟ್ಟ. ಬೆರಳನ್ನು ಮೊದಲ ಹರಳಿನ ಮೇಲೆ ಇಟ್ಟು, "ಇಲ್ಲಿಂದ ಹೊಂಟೆ ನಾ," ಅಂದ. ಎರಡನೆಯದಕ್ಕೆ ಜಿಗಿಸಿದ. ಅವ್ವ ಅಭ್ಯಾಸಬಲದಿಂದ "ಲಾಭ" ಅಂದಳು.

ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು.

ಕಣದಲ್ಲಿ ಮೊದಲ ಸೇರು ಚೀಲಕ್ಕೆ ಬೀಳುವವರೆಗೆ ಎಣಿಸಲು ಏನೂ ಇರುವುದಿಲ್ಲ. ಬಿದ್ದಾಗ ಲಾಭ. ಆದರೆ ಲಿವರು ಹೊರಡುವ ಮೊದಲೇ ಒಂದು ಮನೆಯಲ್ಲಿ ನಿಂತಿರುತ್ತದೆ. ಸಪ್ಪಳ ಬಾರದಿದ್ದರೂ ಅದೂ ಒಂದು. ಅವ್ವ ಸಪ್ಪಳ ಎಣಿಸಿದ್ದಳು, ನಾನು ಮನೆ ಎಣಿಸಿದ್ದೆ. ಖಾಲಿಗೆ ಬರಲು ಎರಡೇ ಸಪ್ಪಳ ಸಾಕಿತ್ತು. ಮೂರನೆಯ ಸಪ್ಪಳಕ್ಕೆ ಲಿವರು ಓಟಕ್ಕೆ ಹೋಗಿ ಕುಳಿತಿತ್ತು, ನಾವು ಅದನ್ನೇ ಖಾಲಿ ಅಂತ ಬಿಗಿದಿದ್ದೆವು. ಮೇಲಿನವೆಲ್ಲ ಕೆಳಗೆ ಒಂದೊಂದು ಮನೆ ಮುಂದಕ್ಕೆ ಸರಿದಿದ್ದವು.

"ಹಂಗಾದ್ರ ಎರಡಕ್ಕ ನಿಲ್ಲಸು ಅಂತ ಹೇಳಲೇನು?" ಅಂದೆ.

ಅವ್ವ ಒಪ್ಪಲಿಲ್ಲ. "ಎರಡು ಬ್ಯಾಡ, ಮೂರನೇದ ಇರಲಿ. ನಿಂತ ಜಾಗಾಕ್ಕ ಲಾಭ ಅನ್ನೂಣು. ಹೊಂಡೂದಕ್ಕಿಂತ ಮೊದಲ ಲಾಭ ಇದ್ರ ಬ್ಯಾಡ ಅನ್ನಾವರ ಯಾರು?"

ಅಪ್ಪ ಆ ದಿನ ಮೊದಲ ಸಲ ನಕ್ಕ. ಮತ್ತೆ ಕಾಲುವೆಗೆ ಇಳಿದ. ನಟ್ಟು ಸಡಿಲಿಸಿ, ಲಿವರನ್ನು ತುದಿಗೆ ತಳ್ಳಿ, "ತಳ್ಳೇನಿ" ಅಂತ ಕೂಗಿದ. ಅವ್ವ ಸಪ್ಪಳಕ್ಕೆ ಕಾಯದೆ "ಲಾಭ" ಅಂದಳು. ಟಿಕ್, ಎರಡು. ಟಿಕ್, ಮೂರು. ನಾನು ಎನ್ ಮೇಲೆ ರಾಡು ಹಿಡಿದುಕೊಂಡೆ. ನಟ್ಟು ಬಿಗಿಯುವಾಗ ಕೇಬಲ್ಲು ಜಗ್ಗದಂತೆ ಅಪ್ಪ ಇನ್ನೊಂದು ಪಾನಾದಿಂದ ಅದರ ತುದಿಯನ್ನು ಹಿಡಿದಿದ್ದನಂತೆ. ಮೊದಲ ಸಲ ಅದನ್ನೂ ಮಾಡಿರಲಿಲ್ಲ. ಈ ಸಲ ಹೊರಬಂದು ತಾನೇ ಸೀಟಿಗೆ ಬಂದ. ನಾನು ಸರಿದು ಕೊಟ್ಟೆ.

ಕೀಲಿ ತಿರುವಿದ. ಎಂಜಿನ್ನು ಎದ್ದಿತು, ಗಾಡಿ ಕೂತೇ ಇತ್ತು. ಬ್ರೇಕಿನ ಮೇಲಿನ ಕಾಲನ್ನು ತೆಗೆದ. ಕೂತೇ ಇತ್ತು. ಒಂದೊಂದು ಅಕ್ಷರಕ್ಕೂ ತಂದು ನೋಡಿದ, ಒಂದೊಂದೂ ತಾನು ಹೇಳಿದ ಮಾತಿಗೆ ನಿಂತಿತು. ಅವ್ವ ಕಲ್ಲು ತೆಗೆಯಲು ಹೋದಳು. "ಇರಲಿ ಇರಲಿ, ಅವಸರ ಮಾಡಬ್ಯಾಡ" ಅಂದ ಅಪ್ಪ. ಆ ನಂಬಿಕೆ ಬರಲು ಅವನಿಗೆ ಇನ್ನೂ ಸ್ವಲ್ಪ ಹೊತ್ತು ಬೇಕಾಗಿತ್ತು.

ಸಾವಕಾರ್ರಿಗೆ ಸಂಜೆ ಹೇಳಿದರೆ, "ಗೋದಾಮಿನ ಮುಂದ ಸಪಾಟ ಐತಿ. ಸಪಾಟನ್ಯಾಗ ನಾನೂ ನಿಲ್ಲತೇನಿ," ಅಂದರು. ನಾಳೆ ಮುಂಜಾನೆ ಸವಣೂರಿಗೆ ಹೋಗುವುದಿದೆ, ದಾರಿಯಲ್ಲಿ ನೋಡೋಣ ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನೀವೂ ಶಿಗ್ಗಾಂವಿಗೆ ಹೋಗಾವರಲ್ರಿ ಅಕ್ಕಾರ? ಗಾಡಿ ಆ ಕಡಿಂದನ ಹೋಗತೈತಿ. ಕುಂತು ಬರ್ರಿ," ಅಂದರು. ಅವರ ಬಾಯಲ್ಲಿ ನನಗೆ 'ರಿ' ಬಂದದ್ದು ಅದೇ ಮೊದಲು. ನಾನು ಅದನ್ನು ಗಮನಿಸದೆ ಬಿಡುವವಳಲ್ಲ.

ಸೋಮವಾರ ಮುಂಜಾನೆ ಅಪ್ಪನ ಪಕ್ಕದ ಸೀಟಿನಲ್ಲಿ ಕುಳಿತು ಹೊರಟೆ. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಊರು ದಾಟಿ, ಕಬ್ಬಿನ ಹೊಲಗಳನ್ನು ದಾಟಿ, ಒಂದು ಉದ್ದನೆಯ ಏರು ಬಂತು. ಅದರ ನಟ್ಟ ನಡುವೆ ಸಾವಕಾರ್ರು, "ಇಲ್ಲಿ ನಿಲ್ಲಸು," ಅಂದರು.

ಅಪ್ಪ ನಿಲ್ಲಿಸಿದ. ರಾಡನ್ನು ಕೂಡೂದಕ್ಕೆ ತಂದ. ಹ್ಯಾಂಡ್ ಬ್ರೇಕು ಮುಟ್ಟಲಿಲ್ಲ. ಬಲಗಾಲನ್ನು ಬ್ರೇಕಿನಿಂದ ಎತ್ತಿ ಎಡಗಾಲಿನ ಪಕ್ಕಕ್ಕೆ ಇಟ್ಟುಕೊಂಡ. ಗಾಡಿ ಒಂದು ಬೆರಳಿನಷ್ಟು ಹಿಂದೆ ಸರಿಯಿತು. ಒಳಗೆಲ್ಲೋ ಟಕ್ ಅಂತ ಸಪ್ಪಳ ಬಂದು ಗಾಡಿ ನಿಂತಿತು. ನಿಂತೇ ಇತ್ತು.

ಸಾವಕಾರ್ರು ಬಾಗಿಲು ತೆಗೆದು ಇಳಿದರು. ಧೋತರ ಎತ್ತಿ ಹಿಡಿದು ಗಾಡಿಯ ಮುಂದಕ್ಕೆ ನಡೆದು ಬಂದು, ಎರಡೂ ಅಂಗೈ ಬಾನೆಟ್ಟಿನ ಮೇಲೆ ಊರಿ, ತಮ್ಮ ಇಡೀ ಭಾರ ಹಾಕಿ ಹಿಂದಕ್ಕೆ ನೂಕಿದರು. ಮುಖ ಕೆಂಪಾಯಿತು. ಗಾಡಿ ಸ್ಪ್ರಿಂಗುಗಳ ಮೇಲೆ ಸ್ವಲ್ಪ ತೂಗಾಡಿತು, ಅಷ್ಟೇ. ಕಬ್ಬು ಹೇರಿಕೊಂಡು ಹೋಗುತ್ತಿದ್ದ ಚಕ್ಕಡಿಯವನು ಎತ್ತು ನಿಲ್ಲಿಸಿ, "ಯಾಕ್ರಿ ಸಾವಕಾರ್ರ, ನೂಕಬೇಕೇನ್ರಿ? ನಾ ಬರಲೇನು?" ಅಂದ.

"ಬ್ಯಾಡೋ ಮಾರಾಯ, ನೀ ಹೋಗು," ಅಂದರು ಅವರು, ಏದುಸಿರು ಬಿಡುತ್ತ. ಬಂದು ಹಿಂದೆ ಕುಳಿತು ಬಾಗಿಲು ಹಾಕಿಕೊಂಡರು. ವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು.

"ಅಡ್ಡಿಯಿಲ್ಲ," ಅಂದರು. ವಸ್ತ್ರ ಮಡಚಿ ಹೆಗಲಿಗೆ ಹಾಕಿಕೊಂಡು, "ಹುಬ್ಬಳ್ಳಿಯವಗ ಹೇಳಿ ಕಳಸ್ತೇನಿ, ಬರೂದು ಬ್ಯಾಡ ಅಂತ. ನಡಿ."

ಅಪ್ಪ ಕೈ ಮುಗಿಯಲಿಲ್ಲ, ರಾಡನ್ನು 'ಏರಿ'ಗೆ ತಂದ. ಗಾಡಿ ಏರು ಹತ್ತಿ ಮುಗಿಸಿ ಸಪಾಟಿಗೆ ಬಂದು, ಎರಡು ಊರು ಹಿಂದೆ ಬಿದ್ದವು. ಆಮೇಲೆ ಕನ್ನಡಿಯಲ್ಲಿ ಹಿಂದಿನ ಸೀಟು ನೋಡುತ್ತ ಬಾಯಿ ತೆರೆದ.

"ಸಾವಕಾರ್ರ, ಮುಂದಿನ ಎಡಗಡೆ ಟಾಯರ್ ಸವದೈತ್ರಿ. ಮಳಿಗಾಲಕ್ಕ ನಡೆಯಂಗಿಲ್ಲ."

"ಈಗ ಇನ್ನಾ ಗಾಡಿ ಇಟಗೋತೇನಿ ಅಂದೇನಿ, ಆಗಲೇ ಟಾಯರ್ ಕೇಳಾಕತ್ತೀಯಾ?"

"ಇಟಗೊಂಡ ಮ್ಯಾಲೆ ಟಾಯರ್ ಬೇಕಲ್ರಿ. ವೈಪರೂ ಬೇಕ್ರಿ."

"ಮಳಿ ಬರಲಿ, ನೋಡೂಣು."

"ಮಳಿ ಬಂದ ಮ್ಯಾಲೆ ಕಾಣಂಗಿಲ್ರಿ," ಅನ್ನುತ್ತ ಅಪ್ಪ ಶಿಗ್ಗಾಂವಿಯ ಕಡೆಗೆ ಗಾಡಿ ತಿರುಗಿಸಿದ.